ಬೊಂಬೆಯ ಬುಡದಲ್ಲಿ ಯಾರ ಹೆಸರಿದೆ?

ಕನಕಪುರ ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮನೆಯ ಯಜಮಾನರು ಕೈ ಹಿಡಿದು ಕರೆದೊಯ್ದು ನಡುಮನೆಯ ಗಾಜಿನ ಬೀರುವಿನ ಮುಂದೆ ನಿಲ್ಲಿಸಿದರು. ಇಪ್ಪತ್ತು ವರ್ಷದ ಸಂಗ್ರಹವಂತೆ. ಒಂದರೊಳಗೊಂದು ಕೂರುವ ರಷ್ಯಾದ ಮಾತ್ರ್ಯೋಶ್ಕ, ಆಫ್ರಿಕಾದ ಮರದ ಮುಖವಾಡ, ಬಾಲಿ ದ್ವೀಪದ ಗರುಡ, ಇರಾನಿನ ನೀಲಿ ಹೂಜಿ, ಮಧುಬನಿಯ ಜೋಡಿ ಮೀನು, ಜಪಾನಿನ ಕೊಕೆಶಿ ಬೊಂಬೆ, ಅದರ ಮಗ್ಗುಲಲ್ಲೇ ನಮ್ಮ ಚನ್ನಪಟ್ಟಣದ ಕೆಂಪು ಕುದುರೆ. ಒಂದೊಂದನ್ನೂ ತೋರಿಸುತ್ತ ಯಾವ ದೇಶ, ಯಾವ ವರ್ಷ, ಎಷ್ಟು ಕೊಟ್ಟೆ, ವಿಮಾನದಲ್ಲಿ ಒಡೆಯದ ಹಾಗೆ ಹೇಗೆ ತಂದೆ ಎಂದೆಲ್ಲ ಹೇಳಿದರು. ಅವರ ಕಣ್ಣಲ್ಲಿ ಪ್ರೀತಿ ಇತ್ತು. ಅದನ್ನು ಸುಳ್ಳು ಎನ್ನಲಾರೆ. ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆಯಲ್ಲಿ ಅವನ್ನು ಮಾಡಿದ ಒಬ್ಬನೇ ಒಬ್ಬ ಮನುಷ್ಯನ ಹೆಸರು ಅವರ ಬಾಯಿಂದ ಬರಲಿಲ್ಲ.

ನಾನು ಬೀರುವಿನಿಂದ ಎರಡು ವಸ್ತುಗಳನ್ನು ಕೈಗೆ ತೆಗೆದುಕೊಂಡೆ. ಒಂದು ಕೊಕೆಶಿ, ಇನ್ನೊಂದು ಕುದುರೆ. ಎರಡೂ ಮರದವು, ಎರಡೂ ಲೇತಿನ ಮೇಲೆ ತಿರುಗಿ ಹುಟ್ಟಿದವು, ಎರಡೂ ಮಕ್ಕಳ ಕೈಗೆಂದೇ ಶುರುವಾದವು. ಕೊಕೆಶಿಯನ್ನು ಬುಡಮೇಲು ಮಾಡಿದೆ. ಬುಡದಲ್ಲಿ ಕಪ್ಪು ಮಸಿಯ ಜಪಾನೀ ಅಕ್ಷರಗಳು ಮೇಲಿಂದ ಕೆಳಕ್ಕೆ ಇಳಿದಿದ್ದವು. ಅದು ಕಡೆದವನ ಹೆಸರು. ಜಪಾನಿನ ಈಶಾನ್ಯದ ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಕೊಕೆಶಿ ಮಾಡುವವರು ಬುಡದಲ್ಲಿ ತಮ್ಮ ಹೆಸರು ಬರೆಯುವುದು ವಾಡಿಕೆ. ಆಮೇಲೆ ಕುದುರೆಯನ್ನು ಬುಡಮೇಲು ಮಾಡಿದೆ. ಅಲ್ಲಿ ಬೆಲೆಯ ಚೀಟಿ ಇತ್ತು. ಬಾರ್‌ಕೋಡಿನ ಗೆರೆಗಳು, ಅದರ ಕೆಳಗೆ ಒಂದಷ್ಟು ಅಂಕಿ.

ಅದೇ ಬೀರು, ಅದೇ ಕಸುಬು. ಒಂದಕ್ಕೆ ಹೆಸರು, ಇನ್ನೊಂದಕ್ಕೆ ಅಂಕಿ. ಆವತ್ತಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಇದೆ.

ಬೀರುವಿನ ಪಕ್ಕದ ಗೋಡೆಯ ಮೇಲೆ ಒಂದು ತಮಟೆ ನೇತು ಹಾಕಿತ್ತು. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕುದುರೆ.

ಚನ್ನಪಟ್ಟಣದ ಒಂದು ಶೆಡ್ಡು. ಹೊರಗೆ ಆಲೆ ಮರದ ತುಂಡುಗಳನ್ನು ಒಣಗಲು ಒಟ್ಟಿದ್ದಾರೆ. ಕಡಿದರೆ ಹಾಲು ಸುರಿಸುವ ಮರ ಅದು. ತಿರುಳು ದಂತದ ಹಾಗೆ ಬೆಳ್ಳಗೆ, ಎಳೆ ನುಣುಪು. ಹಸಿ ಮರ ಲೇತಿಗೆ ಬಾರದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಬೇಕು. ಒಳಗೆ ಸಾಲಾಗಿ ಲೇತುಗಳು. ಕೂತವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲೂ ಹೆಚ್ಚಿನವರು ಮುಸ್ಲಿಂ ಮನೆಗಳವರು. ಮರದ ತುಂಡನ್ನು ಲೇತಿಗೆ ಕಚ್ಚಿಸಿ ಉಳಿ ಆನಿಸಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಮಡಿಲಿಗೆ ಬೀಳುತ್ತದೆ. ಕಣ್ಣೆದುರಿಗೇ ಹೊಟ್ಟೆ ಮೂಡುತ್ತದೆ, ಕುತ್ತಿಗೆ ಮೂಡುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿ. ಕುಂಚ ಇಲ್ಲ, ನೀರಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅದು ತಾನೇ ಕರಗಿ ಮರಕ್ಕೆ ಹತ್ತುತ್ತದೆ. ಎಷ್ಟು ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು ಎನ್ನುವುದು ಬೆರಳಿಗೆ ಮಾತ್ರ ಗೊತ್ತು. ಕಡೆಗೆ ಒಂದು ತುಂಡು ತಾಳೆಗರಿ ಹಿಡಿದು ಒತ್ತಿದರೆ ಕನ್ನಡಿಯಂಥ ಹೊಳಪು. ಅರಿಸಿನದಿಂದ ಹಳದಿ, ನೀಲಿಗಿಡದಿಂದ ನೀಲಿ. ಹಸುಗೂಸು ಬಾಯಿಗೆ ಇಟ್ಟುಕೊಂಡರೂ ಕೇಡಿಲ್ಲ.

ನಾನು ಮಾತಾಡಿಸಿದ ಹೆಂಗಸಿನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಗರಿ ಒತ್ತಿ ಒತ್ತಿ ಬೆರಳ ತುದಿಯ ಗೆರೆಗಳೇ ಸವೆದು ಹೋಗಿದ್ದವು. ಪಡಿತರ ಅಂಗಡಿಯ ಯಂತ್ರಕ್ಕೆ ಬೆರಳು ಇಟ್ಟರೆ ಹತ್ತು ಸಲಕ್ಕೊಮ್ಮೆ ಹಿಡಿಯುತ್ತದಂತೆ. ಇಪ್ಪತ್ತೆರಡು ವರ್ಷದ ಕೆಲಸ ಆಕೆಯ ಗುರುತನ್ನು ಬೆರಳಿನಿಂದಲೇ ಅಳಿಸಿಬಿಟ್ಟಿದೆ.

"ನೀವು ಮಾಡಿದ ಬೊಂಬೆ ಮೇಲೆ ನಿಮ್ಮ ಹೆಸರು ಇರುತ್ತೇನಮ್ಮಾ?" ಎಂದು ಕೇಳಿದೆ.

"ನಮ್ಮ ಹೆಸರು ಯಾಕಣ್ಣಾ? ಕಂಪ್ನಿ ಹೆಸರು ಹಾಕ್ತಾರಲ್ಲ."

"ನಿಮ್ಮ ಹೆಸರು ನಾನು ಬರೆದರೆ?"

ಲೇತಿನ ಸ್ವಿಚ್ಚು ಆರಿಸಿ ನನ್ನ ಮುಖ ನೋಡಿದಳು. "ಬರೀಬೇಡಿ ಅಣ್ಣಾ. ಪೇಪರಲ್ಲಿ ಬಂದ್ರೆ ನಾಳೆ ಕೆಲಸಕ್ಕೆ ಬರಬೇಡ ಅಂತಾರೆ. ಇಬ್ಬರು ಹೆಣ್ಮಕ್ಕಳು ಓದ್ತಾ ಅವೆ."

ಹೆಸರಿಗಾಗಿ ಇಷ್ಟು ಉದ್ದ ಬರೆಯುತ್ತಿರುವ ನಾನು ಆಕೆಯ ಹೆಸರು ಬರೆಯುವ ಹಾಗಿಲ್ಲ. ಓದುವವರು ಇದನ್ನು ಮರೆಯಬಾರದು. ಈ ನಾಡಿನಲ್ಲಿ ಮಾಡಿದ ವಸ್ತುವಿನ ಮೇಲೆ ಮಾಡಿದವಳ ಹೆಸರಿಲ್ಲದಿರುವುದು ಮರೆವಿನಿಂದ ಆದದ್ದಲ್ಲ. ಹೆಸರು ಹೇಳಿದರೆ ಅನ್ನ ಹೋಗುತ್ತದೆ ಎಂಬ ಹೆದರಿಕೆಯನ್ನು ಕೂಲಿಯ ಜೊತೆಗೇ ಎಣಿಸಿ ಕೊಟ್ಟಿದ್ದಾರೆ.

2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಹೋಗಿ ಚನ್ನಪಟ್ಟಣದ ಬೊಂಬೆ ಕೊಂಡರು. ಇಡೀ ದೇಶ ಅದನ್ನು ಹೇಳಿತು. ಹೆದ್ದಾರಿಯ ಅಂಗಡಿಗಳವರು ಈಗಲೂ ಹೇಳುತ್ತಾರೆ. ಕೊಂಡವರ ಹೆಸರು ನಮಗೆಲ್ಲ ಬಾಯಿಪಾಠ. ಆ ಬೊಂಬೆಗೆ ಅರಗು ಒತ್ತಿದ ಹೆಬ್ಬೆರಳು ಯಾರದು? ಕೇಳಿದವರು ಎಷ್ಟು ಜನ? ಸರ್ಕಾರ ಹೆಮ್ಮೆಯಿಂದ ಎತ್ತಿ ತೋರಿಸುವ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಕಾಯುವುದು ಊರಿನ ಹೆಸರನ್ನು. ಬೇರೆ ಊರಿನವನು ಚನ್ನಪಟ್ಟಣದ ಹೆಸರು ಹಾಕಿ ಮಾರಬಾರದು, ಸರಿ. ಚನ್ನಪಟ್ಟಣದೊಳಗೆ ಕೂತು ಬೆರಳು ಸವೆಸಿಕೊಂಡವಳ ಹೆಸರಿಗೆ ಆ ಕಾಗದದಲ್ಲಿ ಒಂದು ಸಾಲೂ ಇಲ್ಲ. ಊರು ನೆನಪಿಟ್ಟುಕೊಂಡಿರುವುದು ಒಂದೇ ಹೆಸರು, ಬಾವಾಸ್ ಮಿಯಾನ್. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಪ್ರತೀತಿ. ಕಳೆದ ಶತಮಾನದಲ್ಲಿ ಜಪಾನಿನ ಹದವನ್ನು ಈ ಕಸುಬಿಗೆ ತಂದವರು ಬಾವಾಸ್ ಮಿಯಾನ್ ಎಂದು ಕೆಲಸಗಾರರು ಗೌರವದಿಂದ ಹೇಳುತ್ತಾರೆ. ಅವರ ಹಿಂದೆ ಬಂದ ಸಾವಿರಾರು ಕೈಗಳನ್ನು ನಾವು 'ಕುಶಲಕರ್ಮಿಗಳು' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೇವೆ.

ಇದನ್ನು ಹೇಳಿದ ಕೂಡಲೇ ಪಂಡಿತರು ಎದ್ದು ನಿಲ್ಲುತ್ತಾರೆ. ಜಾನಪದ ಕಲೆಗೆ ಕರ್ತೃ ಇರುವುದಿಲ್ಲ, ಅದು ಸಮುದಾಯದ್ದು, ಭಾರತದ ಕಲಾವಿದ ತನ್ನ ಅಹಂಕಾರ ಅಳಿಸಿಕೊಂಡು ದೇವರಿಗೆ ಒಪ್ಪಿಸಿಕೊಂಡವನು, ಹೆಸರು ಹಾಕುವುದು ಪಶ್ಚಿಮದ ಚಾಳಿ. ಬಾಸ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಭಾರತೀಯ ಕಲೆಯನ್ನು ಕೂಡಿಟ್ಟು ಕಾಪಾಡಿದ ಆನಂದ ಕುಮಾರಸ್ವಾಮಿ ಈ ಅನಾಮಿಕತೆಯನ್ನು ದೊಡ್ಡ ಗುಣವೆಂದು ಹೊಗಳಿದರು. ಅತ್ತ ಜಪಾನಿನಲ್ಲಿ 1936ರಲ್ಲಿ ಜನಪದ ಕರಕುಶಲ ವಸ್ತುಸಂಗ್ರಹಾಲಯ ತೆರೆದ ಯನಾಗಿ ಸೊಯೆತ್ಸು ಹೆಸರಿಲ್ಲದ ಕುಶಲಕರ್ಮಿಯೇ ಶ್ರೇಷ್ಠ ಎಂದರು. ಇಬ್ಬರೂ ವಿದ್ವಾಂಸರು, ಇಬ್ಬರೂ ಬಡವರ ಕೈಕೆಲಸಕ್ಕೆ ಮರ್ಯಾದೆ ತಂದವರು. ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ಅವರ ಹೆಸರುಗಳು ಮಾತ್ರ ನಮಗೆ ಚೆನ್ನಾಗಿ ಗೊತ್ತಿವೆ, ಅಲ್ಲವೆ? ಯನಾಗಿಯ ಗೆಳೆಯ ಹಮಾದಾ ಶೋಜಿ ತನ್ನ ಮಡಕೆಗಳ ಮೇಲೆ ಹೆಸರು ಹಾಕುವುದನ್ನು ಬಿಟ್ಟ. ಅವನ ದೇಶ 1955ರಲ್ಲಿ ಅವನನ್ನು ಜೀವಂತ ರಾಷ್ಟ್ರನಿಧಿ ಎಂದು ಸಾರಿತು. ಹೆಸರಿದ್ದವನು ಹೆಸರು ಬಿಡುವುದು ತ್ಯಾಗ. ಹೆಸರು ಕೇಳಲಿಕ್ಕೇ ಹೆದರುವ ಚನ್ನಪಟ್ಟಣದ ಹೆಂಗಸಿಗೆ ಅದೇ ತ್ಯಾಗದ ಪಾಠ ಹೇಳುವುದು ದೌರ್ಜನ್ಯ.

ಇನ್ನು ಹೆಸರು ಹಾಕುವುದು ಪಶ್ಚಿಮದ ಚಾಳಿ ಎನ್ನುವ ಮಾತು. ಕನ್ನಡದ ಕಲ್ಲೇ ಅದನ್ನು ಸುಳ್ಳು ಮಾಡಿದೆ. ಬೇಲೂರಿಗೆ ಹೋಗಿ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವಿಯ ದಾಸೋಜ ತಾನು ಕಡೆದ ಮದನಿಕೆಯ ಅಡಿಯಲ್ಲಿ ತನ್ನ ಹೆಸರು, ಊರು, ಬಿರುದುಗಳನ್ನು ಕೊರೆದಿದ್ದಾನೆ. ಅವನ ಮಗ ಚಾವಣ ಕೊರೆದಿದ್ದಾನೆ. ನುಗ್ಗೇಹಳ್ಳಿಯ ಗುಡಿಯಲ್ಲಿ ಒಂದು ಕಡೆ ಬೈಚೋಜ, ಇನ್ನೊಂದು ಕಡೆ ಮಲ್ಲಿತಮ್ಮ ಹೆಸರು ಹಾಕಿದ್ದಾರೆ. ಮಲ್ಲಿತಮ್ಮ! ಅಮೃತಾಪುರದಲ್ಲಿ ಅವನ ಹೆಸರಿದೆ, ಹಾರನಹಳ್ಳಿಯಲ್ಲಿದೆ, ಸೋಮನಾಥಪುರದಲ್ಲಿ ಸಾಲು ಸಾಲು ವಿಗ್ರಹಗಳ ಕೆಳಗಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ 'ಮ'. ಕೆಲಸದ ಮಧ್ಯೆ ಪುರುಸೊತ್ತಿಲ್ಲದೆ ಒಂದಕ್ಷರ ಕೊರೆದು ಮುಂದಕ್ಕೆ ಹೋದವನ ಉಳಿಯ ಸದ್ದು ನನಗೆ ಆ ಒಂದಕ್ಷರದಲ್ಲಿ ಕೇಳಿಸುತ್ತದೆ. ದೇವರ ಗುಡಿಯಲ್ಲಿ, ರಾಜನ ದುಡ್ಡಿನಲ್ಲಿ, ಪುರೋಹಿತರ ಕಣ್ಣೆದುರಿಗೆ ಕಲ್ಲುಕುಟಿಗನೊಬ್ಬ ಇದು ನಾನು ಮಾಡಿದ್ದು ಎಂದು ಬರೆದ. ಯಾರೂ ಅಳಿಸಲಿಲ್ಲ. ಎಂಟುನೂರು ವರ್ಷದ ಹಿಂದೆ ರಾಜನ ಕಾಲದಲ್ಲಿ ಇದ್ದ ಹಕ್ಕು ಸಂವಿಧಾನ ಇರುವ ಕಾಲದಲ್ಲಿ ಯಾಕಿಲ್ಲ? ದಾಸೋಜನ ನಾಡಿನವರು ನಾವು. ಅನಾಮಿಕತೆ ನಮ್ಮ ಸಂಸ್ಕೃತಿ ಎಂದು ನಮಗೇ ಪಾಠ ಹೇಳಬೇಡಿ.

ನಮ್ಮ ಸೀಮೆಗಂತೂ ಹೆಸರಿನ ಕಥೆ ಮೈಮೇಲಿನ ಬರೆ.

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. ಬಿದಿರು ಮೆಳೆ ಕಡಿಸಿ, ತೋಪುಗಳನ್ನು ಎಳೆಸಿ, 21ನೇ ತಾರೀಕು ದುರ್ಗ ಹಿಡಿಯಿತು. ಆ ದಂಡಿನ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಗಾರನಿದ್ದ. ಕೋಲ್‌ಬ್ರೂಕ್, ಅಲನ್ ಎಂಬ ಸೇನಾಧಿಕಾರಿಗಳೂ ಚಿತ್ರ ಬರೆಯುತ್ತಿದ್ದರು. ನಮ್ಮ ಬೆಟ್ಟಗಳನ್ನು ಅವರು ಎಷ್ಟು ಚೆಂದ ಬರೆದರೆಂದರೆ ನೋಡಿದಾಗ ನನ್ನ ಕಣ್ಣು ತುಂಬಿತು. ನಾನು ದನ ಮೇಯಿಸಿದ ಬಂಡೆಗಳ ಬೆನ್ನು, ಅದೇ ಬೂದು, ಅದೇ ಮಳೆನೀರು ಇಳಿದ ಕರೀ ಗೆರೆ. 1794ಕ್ಕೆಲ್ಲ ಲಂಡನ್ನಿನಲ್ಲಿ ಅವು ಪುಸ್ತಕಗಳಾದವು. ಗೆದ್ದ ನೆಲದ ನೋಟವನ್ನು ಗೆದ್ದವರು ಹಂಚಿಕೊಂಡರು. ಟಿಪ್ಪುವಿನ ಎಳೆಯ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿಕೊಳ್ಳುವ ದೃಶ್ಯವನ್ನೂ ಹೋಮ್ ಬರೆದ. ಅದೀಗ ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಆ ಚಿತ್ರದ ಒಂದಂಚಿನಲ್ಲಿ ಹೋಮ್ ತನ್ನನ್ನೇ ಬರೆದುಕೊಂಡಿದ್ದಾನೆ. ಅವನು ತನ್ನ ಹೆಸರನ್ನಷ್ಟೇ ಅಲ್ಲ, ಮುಖವನ್ನೂ ಉಳಿಸಿಕೊಂಡ. ತೋಪು ಎಳೆದವರ, ಬಿದಿರು ಕಡಿದವರ, ದುರ್ಗದ ಬಂಡೆಯಿಂದ ಉರುಳಿ ಸತ್ತವರ ಹೆಸರು ಯಾವ ಪುಟದಲ್ಲಿದೆ?

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಬಿಳಿಯ ಸಿಪಾಯಿಯ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯಲ್ಲಿ ವಾದ್ಯದ ಕೊಳವೆಗಳಿರುವ ಹುಲಿ, ಹಡಗು ಹತ್ತಿತು. 1808ರಿಂದ ಲಂಡನ್ನಿನಲ್ಲಿ ಅದನ್ನು ಜನ ನೋಡುತ್ತಿದ್ದಾರೆ. ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಅತಿ ಹೆಸರಾದ ವಸ್ತುಗಳಲ್ಲಿ ಅದೊಂದು. ಅದಕ್ಕೆ 'ಟಿಪ್ಪುವಿನ ಹುಲಿ' ಎಂದು ಹೆಸರು. ಮರ ಕೆತ್ತಿದವನು ಯಾರೆಂದು ಜಗತ್ತಿಗೆ ಗೊತ್ತಿಲ್ಲ. ದೋಚಿದವರ ಮೇಲೆ ಸಿಟ್ಟು ಮಾಡುವುದು ಸುಲಭ, ನಾನೂ ಮಾಡುತ್ತೇನೆ. ಆದರೆ ಕೆತ್ತಿದವನ ಹೆಸರನ್ನು ಬರೆದಿಡದೆ ಹೋದವರು ನಮ್ಮವರೇ. ಹುಲಿ ಎಂದಾದರೂ ವಾಪಸು ಬರಬಹುದು. ಆ ಹೆಸರು ಯಾವತ್ತೂ ಬಾರದು.

ಆ ಯುದ್ಧ ಮುಗಿದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ನಮ್ಮೂರು ಕ್ಲೋಸ್‌ಪೇಟೆಯಾಯಿತು. ಊರಿನ ಹೆಸರು ಆಮೇಲೆ ರಾಮನಗರವಾಯಿತು. 2007ರಲ್ಲಿ ಜಿಲ್ಲೆಯ ಹೆಸರಾಯಿತು. 2025ರಲ್ಲಿ ಜಿಲ್ಲೆಯ ಹಲಗೆಗೆ ಬೆಂಗಳೂರು ದಕ್ಷಿಣ ಎಂದು ಬಣ್ಣ ಬಳಿದರು. ಮೇಲೆ ಕೂತವರಿಗೆ ಹೆಸರು ಎಂದರೆ ಅಷ್ಟು ಮುಖ್ಯ, ಅದಕ್ಕೆ ಸಂಪುಟ ಸಭೆ ನಡೆಯುತ್ತದೆ. ಕಲ್ಲಿಗೆ ಮಾತ್ರ ಇನ್ನೂ ಕ್ಲೋಸ್‌ನ ಹೆಸರೇ ಇದೆ. ಸುಮಾರು 250 ಕೋಟಿ ವರ್ಷ ಹಳೆಯ ನಮ್ಮ ಬಂಡೆಯನ್ನು ಭೂವಿಜ್ಞಾನದ ಪುಸ್ತಕಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತವೆ. ಕೆಲವೇ ವರ್ಷ ಅಧಿಕಾರ ನಡೆಸಿದವನು ಬಂಡೆಯಲ್ಲಿ ಉಳಿದ. ಅದೇ ಬಂಡೆಯನ್ನು ತಲೆತಲಾಂತರದಿಂದ ಒಡೆದು ಒರಳು, ಬೀಸೋಕಲ್ಲು, ಹೊಸಿಲು, ದೇವರು ಮಾಡಿಕೊಟ್ಟ ಭೋವಿ ಕಾಲೋನಿಯ ಮನುಷ್ಯ ಎಲ್ಲೂ ಉಳಿಯಲಿಲ್ಲ. ನಮ್ಮಜ್ಜಿಯ ಬೀಸೋಕಲ್ಲಿಗೆ ವರ್ಷಕ್ಕೊಮ್ಮೆ ಕಚ್ಚು ಹಾಕಲು ಬರುತ್ತಿದ್ದ ಮುದುಕನಿಗೆ ಅಜ್ಜಿ ಒಂದು ಮೊರ ರಾಗಿ ಕೊಡುತ್ತಿದ್ದಳು. ಉಳಿ ಪೆಟ್ಟಿಗೆ ಪೆಟ್ಟು ಕೂಡಿಸಿ ಅವನು ಎಳೆಯುತ್ತಿದ್ದ ಗೆರೆಗಳು ಸೂರ್ಯಕಾಂತಿಯ ಬೀಜಗಳ ಹಾಗೆ ಸುತ್ತಿಕೊಂಡು ಬರುತ್ತಿದ್ದವು. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಜಾತಿಯಿಂದ. ಅವನ ಹೆಸರನ್ನು ಅಜ್ಜಿಗೆ ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ವಲ್ಲೋ ಮಗಾ" ಅಂದಳು. ಆ ಪಾಪದಲ್ಲಿ ನನ್ನ ಮನೆಗೂ ಪಾಲಿದೆ.

ಈ ಅನ್ಯಾಯ ಆಗದ ಹಾಗೆ ನೋಡಿಕೊಳ್ಳಬಹುದಿತ್ತು ಎಂಬುದಕ್ಕೆ ಸಾಕ್ಷಿಯೂ ನಮ್ಮೂರಿನಲ್ಲೇ ಇದೆ. ಹಳೆಯ ಮೈಸೂರು ರಸ್ತೆಯ ಪಕ್ಕ 15 ಎಕರೆಯಲ್ಲಿ ಜಾನಪದ ಲೋಕ ನಿಂತಿದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕವನ್ನು ಜನರಿಗೆ ತೆರೆದರು. ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ಅಲೆದರು. ಜನ ತಿಪ್ಪೆಗೆ ಎಸೆಯಲು ಇಟ್ಟಿದ್ದ ಕೂರಿಗೆ, ವಾಡೆ, ಸೋಮನ ಮುಖ, ತೊಗಲು ಬೊಂಬೆ, ಬೆತ್ತದ ಬುಟ್ಟಿಗಳನ್ನು ಕೈಮುಗಿದು ಬೇಡಿ ತಂದರು. ನಾನು ಬಂಡಾಯದವನು, ಅಧಿಕಾರಿಗಳನ್ನು ಹೊಗಳುವ ಅಭ್ಯಾಸ ನನಗಿಲ್ಲ. ಆದರೆ ಈ ಮನುಷ್ಯ ಒಂದು ಕೆಲಸ ಮಾಡಿದರು. ತಾವು ಸಂಗ್ರಹಿಸಿದ ಹಾಡುಗಳ ಒಂದು ಪುಸ್ತಕಕ್ಕೆ 'ಸೋಬಾನೆ ಚಿಕ್ಕಮ್ಮನ ಪದಗಳು' ಎಂದು ಹೆಸರಿಟ್ಟರು. ಹಾಡಿದವಳ ಹೆಸರು ರಟ್ಟಿನ ಮೇಲೆ. ಇದನ್ನು ಓದುವ ಪ್ರತಿ ಸಂಗ್ರಾಹಕನೂ, ಪ್ರತಿ ವಸ್ತುಸಂಗ್ರಹಾಲಯದ ಅಧಿಕಾರಿಯೂ, ಪ್ರತಿ ಜಾನಪದ ಪ್ರಾಧ್ಯಾಪಕನೂ ಆ ರಟ್ಟನ್ನು ಒಂದು ಸಲ ಕಣ್ಣಿಗೊತ್ತಿಕೊಳ್ಳಲಿ. ಆಮೇಲೆ ತಮ್ಮ ಪುಸ್ತಕದ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ 'ಹಾಡಿದವರು: ಹಳ್ಳಿಯ ಹೆಂಗಸರು' ಎಂದು ಬರೆದ ಸಾಲನ್ನು ನೋಡಿಕೊಳ್ಳಲಿ.

ಈಗ ಗೋಡೆಯ ಮೇಲಿನ ತಮಟೆ.

ಗೃಹಪ್ರವೇಶದ ಮನೆಯಲ್ಲಿ ಅದನ್ನು ಮೊಳೆಗೆ ನೇತು ಹಾಕಿ ಮೇಲಿಂದ ಹಳದಿ ದೀಪ ಬೀಳುವ ಹಾಗೆ ಮಾಡಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ಚರ್ಮದ ಒಂದು ಅಂಚು ಕಂದಿತ್ತು. ಹುಲ್ಲಿನ ಬೆಂಕಿಯಲ್ಲಿ ಕಾಯಿಸಿ ಬಿಗಿ ಮಾಡುವಾಗ ಆಗುವ ಕಲೆ ಅದು. ಬಲಕ್ಕಿಂತ ಎಡಕ್ಕೆ ಹೆಚ್ಚು ಕಂದಿತ್ತು ಎಂದರೆ ಕಾಯಿಸಿದವನು ಯಾವ ಕೈಯಲ್ಲಿ ಹಿಡಿಯುತ್ತಿದ್ದ ಎಂದು ಹೇಳಬಹುದು. ನಡುವೆ ಪೆಟ್ಟು ಬಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಬಳಸಿದ ತಮಟೆ ಅದು, ಅಂಗಡಿಯ ಹೊಸ ಮಾಲಲ್ಲ. ಎಲ್ಲಿ ಸಿಕ್ಕಿತು ಎಂದರೆ, "ಹಳ್ಳಿ ಕಡೆ ಒಬ್ಬ ಕೊಟ್ಟ, ಇನ್ನೂರು ರೂಪಾಯಿಗೆ" ಅಂದರು.

ಆ 'ಒಬ್ಬ'ನ ಅಪ್ಪನನ್ನೋ ತಾತನನ್ನೋ ಊರ ಹಬ್ಬದಲ್ಲಿ ತಮಟೆ ಬಡಿ ಎಂದು ಕರೆದವರು, ಬಡಿದಾದ ಮೇಲೆ ಗುಡಿಯಿಂದ ಹೊರಗೇ ನಿಲ್ಲಿಸಿದವರು ಯಾರು? ಸಾವಿನ ಮನೆಗೆ ಮೊದಲು ಕರೆ ಹೋಗುತ್ತಿದ್ದುದು ಅವನಿಗೆ, ಊಟಕ್ಕೆ ಕರೆಯುತ್ತಿದ್ದುದು ಕೊನೆಗೆ. ಆ ತಮಟೆಯನ್ನು ಅವನ ಮಕ್ಕಳು ಕೈಬಿಟ್ಟಿದ್ದರೆ ಅದು ಅವಮಾನದಿಂದ ಬಿಡುಗಡೆಯಾಗಲು. ಅದು ಸರಿಯಾದ ಬಿಡುಗಡೆ. ಆದರೆ ಅವನನ್ನು ನಡುಮನೆಗೆ ಬಿಟ್ಟುಕೊಳ್ಳದ ಸಮಾಜ ಅವನ ತಮಟೆಯನ್ನು ಮಾತ್ರ ನಡುಮನೆಗೆ ತಂದು ದೀಪ ಹಾಕಿ ಅಲಂಕಾರ ಮಾಡಿದರೆ ನಾನು ಅದಕ್ಕೆ ಕಲಾಪ್ರೇಮ ಎನ್ನಲಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂತು. ಕೊಪ್ಪಳದ ಮೋರನಾಳದ ತೊಗಲು ಬೊಂಬೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂತು, ತೊಂಬತ್ತು ದಾಟಿದ ಮೇಲೆ. ತಮಟೆಗೂ ಒಡೆಯನಿದ್ದಾನೆ, ಬೊಂಬೆಗೂ ಒಡತಿಯಿದ್ದಾಳೆ ಎಂದು ದೆಹಲಿಗೆ ಆಗ ಗೊತ್ತಾಯಿತು. ನಮ್ಮ ನಡುಮನೆಗಳಿಗೆ ಯಾವಾಗ ಗೊತ್ತಾಗುತ್ತದೆ?

ಒಂದು ಬೊಂಬೆ ಹತ್ತು ಕೈ ದಾಟಿ ಬರುತ್ತದೆ, ಕಡೆದವನೊಬ್ಬ, ಅರಗು ಹಾಕಿದವಳೊಬ್ಬಳು, ಚಕ್ರ ಕೂಡಿಸಿದವನೊಬ್ಬ, ಯಾರ ಹೆಸರು ಹಾಕುವುದು ಎಂದು ಅಂಗಡಿಯವರು ನನ್ನನ್ನು ಕೇಳಿದ್ದಾರೆ. ಉತ್ತರಕ್ಕೆ ದೂರ ಹೋಗಬೇಕಿಲ್ಲ, ನಮ್ಮ ರಾಮದೇವರ ಬೆಟ್ಟದಲ್ಲೇ 'ಶೋಲೆ' ತೆಗೆದರು. 1975ರಲ್ಲಿ ತೆರೆಗೆ ಬಂತು. ಆ ಸಿನಿಮಾ ಶುರುವಾಗುವ ಮೊದಲು ತೆರೆಯ ಮೇಲೆ ಎಷ್ಟೊಂದು ಹೆಸರುಗಳು ಬರುತ್ತವೆ, ಎಣಿಸಿ. ಅಷ್ಟು ಜನರ ಕೆಲಸದಿಂದ ಆದದ್ದಕ್ಕೆ ಅಷ್ಟು ಜನರ ಹೆಸರು. ರಷ್ಯಾದ ಆ ಮಾತ್ರ್ಯೋಶ್ಕಕ್ಕೂ ಎರಡು ಹೆಸರಿವೆ. 1890ರ ದಶಕದಲ್ಲಿ ಮೊದಲನೆಯದನ್ನು ಲೇತಿನಲ್ಲಿ ಕಡೆದವನು ಜ್ವ್ಯೋಜ್ದೋಚ್ಕಿನ್, ಬಣ್ಣ ಬರೆದವನು ಮಲ್ಯೂತಿನ್. ಇಬ್ಬರೂ ಚರಿತ್ರೆಯಲ್ಲಿದ್ದಾರೆ. ಮೂರು ಕೈ ಮಾಡಿದ್ದರೆ ಮೂರು ಹೆಸರು ಬರೆಯಿರಿ. ಬಾರ್‌ಕೋಡಿಗೆ ಜಾಗವಿದೆಯಂತೆ, ಹೆಸರಿಗೆ ಇಲ್ಲವೆ?

ಇದು ಬರೀ ಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಹೆಸರಿದ್ದ ಕೈ ಬೆಲೆ ಕಟ್ಟುತ್ತದೆ. ಹೆಸರಿಲ್ಲದ ಕೈಗೆ ಡಜನ್ ಲೆಕ್ಕ. ಚೀನಾದ ಪ್ಲಾಸ್ಟಿಕ್ಕು ಬಂದು ಸಂತೆ ತುಂಬಿದಾಗ ಕೂಲಿ ಕಡಿಮೆ ಮಾಡಿದ್ದು ಆ ಕೈಗೆ. 2023ರಲ್ಲಿ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಮೈಸೂರಿಗೆ ಹೋಯಿತು. ಹಳೆಯ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ತಪ್ಪಿತು. ಆಗ ಮೊದಲು ಮನೆಗೆ ಕಳಿಸಿದ್ದು ಆ ಕೈಯನ್ನು. ಕೊಕೆಶಿ ಕಡೆಯುವವನೊಬ್ಬ ನಾಳೆ ಕೆಲಸ ಬಿಟ್ಟರೆ ಅವನ ಹೆಸರು ಹಿಡಿದು ಹುಡುಕಿಕೊಂಡು ಬರುವ ಗಿರಾಕಿ ಇದ್ದಾನೆ. ಚನ್ನಪಟ್ಟಣದ ಹೆಂಗಸು ನಾಳೆ ಗಾರ್ಮೆಂಟ್ಸಿಗೆ ಹೋದರೆ ಯಾವ ಗಿರಾಕಿಗೂ ಗೊತ್ತೇ ಆಗುವುದಿಲ್ಲ. ಅದೇ ಕುದುರೆ, ಅದೇ ಕೆಂಪು, ಕೈ ಮಾತ್ರ ಬೇರೆ.

ಹಾಗಾಗಿ ಜಗತ್ತಿನ ಕಲೆಯನ್ನು ಪ್ರೀತಿಸಿ ಕೂಡಿಡುವವರಿಗೆ, ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಚಿತ್ರ ಕಳಿಸಿ ಹಂಚಿಕೊಳ್ಳುವವರಿಗೆ ನಾನು ಕೇಳುವುದು ಇಷ್ಟು. ಸೋಮನಾಥಪುರದ ಚಿತ್ರ ಕಳಿಸುವಾಗ ಹೊಯ್ಸಳರ ಕಾಲದ್ದು ಎಂದು ಬರೆದು ಕೈ ತೊಳೆದುಕೊಳ್ಳಬೇಡಿ, ಮಲ್ಲಿತಮ್ಮ ಎಂದು ಬರೆಯಿರಿ. ಬೊಂಬೆ ಕೊಳ್ಳುವಾಗ ಕೌಂಟರಿನ ಮುಂದೆ ನಿಂತು, ಮಾಡಿದವರು ಯಾರು, ಹೆಸರು ಹೇಳಿ ಎಂದು ಜೋರಾಗಿ ಕೇಳಿ. ಗೊತ್ತಿಲ್ಲ ಎಂದರೆ ನಾಳೆ ಮತ್ತೆ ಬಂದು ಕೇಳಿ. ಮಾಗಡಿ, ಕನಕಪುರ, ಚನ್ನಪಟ್ಟಣದ ಸರ್ಕಾರಿ ಶಾಲೆಗಳ ಗೋಡೆಗೆ ಹೋಮ್ ಬರೆದ ಸಾವನದುರ್ಗದ ಚಿತ್ರ ಬರಲಿ. ಅದರ ಪಕ್ಕದಲ್ಲಿ ಅದೇ ಊರಿನ ಕಲ್ಲುಕುಟಿಗನ, ಪೂಜಾ ಕುಣಿತದವನ, ಅರಗಿನ ಹೆಂಗಸಿನ ಫೋಟೋ ಬರಲಿ, ಅಪ್ಪನ ಹೆಸರು, ತಾಯಿಯ ಹೆಸರು ಸಮೇತ. ಸರ್ಕಾರ ಯಾವ ದೊರೆಗೆ, ಯಾವ ರಾಷ್ಟ್ರಪತಿಗೆ ಬೊಂಬೆ ಕಾಣಿಕೆ ಕೊಟ್ಟರೂ ಅದರ ಬುಡದಲ್ಲಿ ಮಾಡಿದವರ ಹೆಸರಿರಬೇಕೆಂದು ಆದೇಶ ಹೊರಡಿಸಲಿ. ಜಿಲ್ಲೆಯ ಹೆಸರು ಬದಲಿಸಲು ಸಭೆ ನಡೆಸಿದರು. ಇದಕ್ಕೆ ಒಂದು ಸಭೆ ಸಾಕು.

ಆವತ್ತು ಶೆಡ್ಡಿನಿಂದ ಹೊರಡುವ ಮುಂಚೆ ಒಂದು ಕುದುರೆ ಕೊಡಿ ಎಂದೆ. ಆಕೆ ಒಣಗಿದ ತುಂಡೊಂದನ್ನು ಆರಿಸಿ ಲೇತಿಗೆ ಹಾಕಿದಳು. ಮೈ ಕಡೆದು ಮುಗಿದ ಮೇಲೆ ಲೇತು ನಿಲ್ಲಿಸಿ ಬಾಗಿಲ ಕಡೆ ಒಂದು ಸಲ ನೋಡಿದಳು. ಮಗಳ ಶಾಲೆಯದೋ ಏನೋ, ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಮೋಟು ಪೆನ್ಸಿಲ್ ತೆಗೆದು ಕುದುರೆಯ ಬಿಳೀ ಹೊಟ್ಟೆಯ ಮೇಲೆ ಉರ್ದುವಿನಲ್ಲಿ ನಿಧಾನವಾಗಿ ನಾಲ್ಕು ಅಕ್ಷರ ಬರೆದಳು. ಸ್ವಿಚ್ಚು ಹಾಕಿದಳು. ಕೆಂಪು ಅರಗಿನ ಕಡ್ಡಿ ಒತ್ತಿದಳು. ಅಕ್ಷರಗಳು ಒಂದು ಕ್ಷಣ ಬೂದು ಗೆರೆಯಾಗಿ ತಿರುಗಿ ಕೆಂಪಿನ ಕೆಳಗೆ ಹೋದವು. ತಾಳೆಗರಿ ಒತ್ತಿ ಹೊಳಪು ಕೊಟ್ಟು ಕುದುರೆಯನ್ನು ನನ್ನ ಕೈಯಲ್ಲಿಟ್ಟಾಗ ಅದಿನ್ನೂ ಬೆಚ್ಚಗಿತ್ತು.

ನನ್ನ ಮೇಜಿನ ಮೇಲಿದೆ. ಬಂದವರು ಎತ್ತಿಕೊಂಡು ಬುಡಮೇಲು ಮಾಡಿ ನೋಡುತ್ತಾರೆ, ಏನೂ ಕಾಣುವುದಿಲ್ಲ. ಅರಗಿನ ಕೆಳಗಿದೆ ಎಂದು ಹೇಳುತ್ತೇನೆ.